ದೊಡ್ಡಮ್ಮನನ್ನು ಎಲೆಯ ಮುಂದೆ ಕೂರಿಸುವ ಕುರಿತು

ಓದುಗ ಮಹಾಶಯರಿಗೆ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ಸಮುದ್ರ ನೋಡಿ ಬರಲೆಂದು ಕೋಳಿಕ್ಕೋಡಿಗೆ ಹೋಗಿ ಉದ್ಯೋಗದ ಆಹ್ವಾನ ಪಡೆದು ಹಿಂದಿರುಗಿದವರು ನಮ್ಮ ಇಡೀ ವಯನಾಡಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ದೊಡ್ಡಮ್ಮ. ಅವರು ಅರ್ಜಿ ಹಾಕಿರಲಿಲ್ಲ, ಸಂದರ್ಶನ ನಡೆದಿರಲಿಲ್ಲ, ವಿದ್ಯಾರ್ಹತೆಯನ್ನು ಯಾರೂ ವಿಚಾರಿಸಿರಲಿಲ್ಲ. ಆದರೂ ಆಹ್ವಾನ ಬಂದದ್ದು ಸತ್ಯ! ಅವರ ಹೆಸರನ್ನು ಇಲ್ಲಿ ನಮೂದಿಸಿಲ್ಲ. ನಮೂದಿಸಬಾರದೆಂದು ಅವರೇನೂ ಹೇಳಿಲ್ಲ. ನನಗೇ ಧೈರ್ಯ ಸಾಲದು.

ವಯನಾಡು ಪ್ರತ್ಯೇಕ ಜಿಲ್ಲೆಯಾಗಿ ಇನ್ನೂ ಹೊಸತು. ಕಲ್ಪೆಟ್ಟದ ಕಚೇರಿಗಳಿಗೆ ಬಣ್ಣ ಬಳಿಯುತ್ತಿದ್ದ ಕಾಲ. ಆದರೆ ಮುಳ್ಳನ್ಕೊಲ್ಲಿಯ ಹತ್ತಿರ, ಹೊಳೆಯಾಚೆಯ ಕರ್ನಾಟಕವನ್ನು ಅಂಗಳದಿಂದಲೇ ನೋಡಬಹುದಾದ ದೊಡ್ಡಪ್ಪನವರ ಮೆಣಸಿನ ತೋಟದಲ್ಲಿ ಮಾತ್ರ ಹಳೆಯ ಆಡಳಿತವೇ ಜಾರಿಯಲ್ಲಿತ್ತು. ಸದರಿ ಆಡಳಿತದ ಏಕೈಕ ಕಾಯಿದೆ: ದೊಡ್ಡಮ್ಮ ಎಲ್ಲರ ನಂತರ ಉಣ್ಣತಕ್ಕದ್ದು. ಎಲ್ಲರೂ ಎಂದರೆ ಯಾರು? ದೊಡ್ಡಪ್ಪ, ಮಗಳು, ಮೆಣಸು ಕೊಯ್ಯುವವರು, ಏಣಿ ಹೊತ್ತು ತಂದವನು, ವಿಳಾಸ ಕೇಳಲು ಬಂದ ಅಪರಿಚಿತ, ಕೊನೆಗೆ ನಾಯಿ. ಇಷ್ಟೂ ಮಂದಿ ಕೈ ತೊಳೆದಾದ ಮೇಲೆ, ಸೂರ್ಯ ಪಡುವಣಕ್ಕೆ ವಾಲಿದ ಮೇಲೆ, ದೊಡ್ಡಮ್ಮ ಒಲೆಯ ಹಿಂದೆ ಅದೇನನ್ನೋ ತಣ್ಣಗೆ ಮುಗಿಸುತ್ತಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರು ಕಡೆಗೆ ಉಣ್ಣುವುದು ಹೊಸ ಸಂಗತಿಯೇನಲ್ಲ. ಆದರೆ ಬೇರೆಯವರಿಗೆ ಅದು ಪದ್ಧತಿ. ನಮ್ಮ ದೊಡ್ಡಮ್ಮನಿಗೆ ಅದು ಅಧಿಕಾರ!

ಆ ವರ್ಷ ಕೊಯ್ಲಿನ ಸಮಯದಲ್ಲಿ ದೊಡ್ಡಮ್ಮ ಮೆಣಸು ಒಣಗಿಸುವ ಚಾಪೆಯ ಮೇಲೆಯೇ ತಲೆ ಸುತ್ತಿ ಬಿದ್ದರು. ಮಾನಂತವಾಡಿಯ ವೈದ್ಯರು ಪರೀಕ್ಷಿಸಿ, ಹೊಟ್ಟೆಯಲ್ಲಿ ಹುಣ್ಣಾಗಿದೆ, ಹೊತ್ತಿಗೆ ಸರಿಯಾಗಿ ಬಿಸಿಯಾದುದನ್ನು ಕೂತು ಉಣ್ಣದಿದ್ದರೆ ಮುಂದಿನ ಸಲ ಹೊತ್ತುಕೊಂಡು ಬರಬೇಕಾಗುತ್ತದೆ ಎಂದು ಖಡಾಖಂಡಿತವಾಗಿ ತಿಳಿಸಿದರು. ದೊಡ್ಡಮ್ಮ ಎಲ್ಲವನ್ನೂ ಶಾಂತವಾಗಿ ಆಲಿಸಿದರು.

"ಡಾಕ್ಟ್ರು ಉಂಡ್ರಾ?" ಎಂದರು.

ಆಗ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ವೈದ್ಯರು ತಡವರಿಸಿದರು. "ಇಲ್ಲ... ಇನ್ನೂ ರೋಗಿಗಳು..."

"ಮತ್ತೆ?" ಎಂದು ಎದ್ದು ಸೆರಗು ಕೊಡವಿಕೊಂಡು ಹೊರಟೇಬಿಟ್ಟರು. ವೈದ್ಯಶಾಸ್ತ್ರ ಅಲ್ಲಿಗೆ ಮುಗಿಯಿತು!

ಅಕ್ಕ, ಅಂದರೆ ದೊಡ್ಡಮ್ಮನ ಒಬ್ಬಳೇ ಮಗಳು, ಹೂಡಿದ ಉಪಾಯವೇ ಸಮುದ್ರತೀರದ ಪ್ರವಾಸ. ಒಲೆ ತಮ್ಮದಲ್ಲದ, ಸೌಟು ತಮ್ಮದಲ್ಲದ ಊರಿಗೆ ಕರೆದೊಯ್ದರೆ ಅಮ್ಮ ಕೂರದೆ ಏನು ಮಾಡಿಯಾಳು? ಉದ್ದೇಶ ಇಷ್ಟೇ: ಒಂದೇ ಒಂದು ಊಟ, ಬಿಸಿಯಾಗಿ, ಹೊತ್ತಿಗೆ ಸರಿಯಾಗಿ, ಎಲ್ಲರ ಜೊತೆ ಕುಳಿತು. ಒಮ್ಮೆ ರೂಢಿ ಮುರಿದರೆ ಮುಂದಿನದು ಸುಲಭ ಎಂಬುದು ಅವಳ ನಂಬಿಕೆ. ಹೀಗೆ ದೊಡ್ಡಪ್ಪ, ದೊಡ್ಡಮ್ಮ, ಅಕ್ಕ ಮತ್ತು ಈ ಲೇಖನ ಬರೆಯುತ್ತಿರುವ ನಾನು ಲಕ್ಕಿಡಿಯ ಘಟ್ಟ ಇಳಿದೆವು.

ಮೊದಲ ಮಧ್ಯಾಹ್ನದ ಊಟ ಬಸ್ ನಿಲ್ದಾಣದ ಬಳಿಯ ಒಂದು ದೊಡ್ಡ ಊಟದ ಹೋಟೆಲಿನಲ್ಲಿ. ನಾಲ್ಕು ಎಲೆ ಹಾಕಿದರು. ನಾವು ಕುಳಿತೆವು. ದೊಡ್ಡಮ್ಮ ಮಾತ್ರ ನಿಂತೇ ಇದ್ದರು.

"ಕೂರೇ," ಎಂದರು ದೊಡ್ಡಪ್ಪ.

"ನೀವ್ ಉಣ್ಣಿ. ಆಮ್ಯಾಕ್ ನೋಡಾನ."

ಬಡಿಸುವವನು ಬಂದು ದೊಡ್ಡಪ್ಪನ ಅನ್ನದ ಮೇಲೆ ಒಂದು ಸೌಟು ಸಾಂಬಾರು ಸುರಿದು ಮುಂದೆ ಹೋದ. ದೊಡ್ಡಮ್ಮನ ಹುಬ್ಬು ಗಂಟಾಯಿತು. "ಏನ್ ಮೋನೆ, ಇಷ್ಟು ಹುಯ್ದ್ರೆ ಚೋರು ನೆನೀತದಾ? ತಾ ಇಲ್ಲಿ!" ಮೋನೆ ಎಂದರೆ ಮಗನೇ, ಚೋರು ಎಂದರೆ ಅನ್ನ. ಬಕೀಟು ಅವನ ಕೈಯಿಂದ ಇವರ ಕೈಗೆ ಯಾವಾಗ ವರ್ಗಾವಣೆಗೊಂಡಿತೆಂಬುದು ಇಂದಿಗೂ ಸ್ಪಷ್ಟವಾಗಿಲ್ಲ. ನಮಗೆ ಬಡಿಸಿದರು. ಪಕ್ಕದ ಮೇಜಿನ ಮಹನೀಯರು ಬೆರಳೆತ್ತಿ "ಪಪ್ಪಡಂ" ಎಂದರು; ದೊಡ್ಡಮ್ಮ ಹಪ್ಪಳ ತಂದುಕೊಟ್ಟರು. ಅದರಾಚೆಯ ಮೇಜಿನವರು, ಅವರಿಗೆ ಎರಡು ಕೊಟ್ಟು ನಮಗೆ ಒಂದೇ ಕೊಟ್ಟರೆಂದು ಗಲ್ಲಾದ ಮುಂದೆ ದೂರು ದಾಖಲಿಸಿದರು! ಗಲ್ಲಾದಲ್ಲಿದ್ದ ಯಜಮಾನರು ಬಹಳ ಹೊತ್ತು ಗಮನಿಸಿ, ದೊಡ್ಡಪ್ಪನನ್ನು ಬಳಿಗೆ ಕರೆದು ವಿನಯದಿಂದ ವಿಚಾರಿಸಿದರು: "ಈ ಚೇಚ್ಚಿ ನಾಳೆಯಿಂದ ಕೆಲಸಕ್ಕೆ ಬರ್ತಾರಾ?"

ಅಷ್ಟರಲ್ಲಿ ಹೋಟೆಲಿನವರು ಊಟ ಮುಗಿಯಿತೆಂದು ಬೋರ್ಡು ತಿರುಗಿಸಿದ್ದರು. ದೊಡ್ಡಮ್ಮ ಬಾಗಿಲಲ್ಲಿ ತೂಗುಹಾಕಿದ್ದ ಗೊನೆಯಿಂದ ಒಂದು ಬಾಳೆಹಣ್ಣು ಕಿತ್ತು ನಿಂತೇ ತಿಂದರು. ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ.

ರಾತ್ರಿ ನಾವು ಹೆಚ್ಚು ಎಚ್ಚರಿಕೆ ವಹಿಸಿದೆವು. ಬಡಿಸುವ ಪ್ರಮೇಯವೇ ಇಲ್ಲದ ಬಿರಿಯಾನಿ ಹೋಟೆಲನ್ನು ಆರಿಸಿದೆವು. ಎಲ್ಲರಿಗೂ ತಟ್ಟೆ ತುಂಬಿಸಿಯೇ ಕೊಡುತ್ತಾರಲ್ಲವೇ? ದೊಡ್ಡಮ್ಮನನ್ನು ಗೋಡೆಯ ಬದಿಗೆ ದೂಡಿ, ಹೊರಬರುವ ದಾರಿಗೆ ಅಡ್ಡಲಾಗಿ ಅಕ್ಕ ಕುಳಿತಳು. ಅಂತೂ ಕುಳಿತರು! ತಟ್ಟೆಯಿಂದ ಹಬೆ ಏಳುತ್ತಿತ್ತು. ನಾವು ನೋಡುತ್ತಿದ್ದಂತೆಯೇ ದೊಡ್ಡಮ್ಮ ಮೊಟ್ಟೆಯನ್ನು ನನ್ನ ತಟ್ಟೆಗೆ, ಅರ್ಧ ಅನ್ನವನ್ನು ಅಕ್ಕನ ತಟ್ಟೆಗೆ, ಕೋಳಿಯ ಕಾಲನ್ನು ದೊಡ್ಡಪ್ಪನ ತಟ್ಟೆಗೆ ವಿಲೇವಾರಿ ಮಾಡಿದರು. ಉಳಿದದ್ದು ಒಂದು ಪಲಾವಿನ ಎಲೆ ಮತ್ತು ನಿಂಬೆಯ ಹೋಳು.

ಮದುವೆಯಾದಂದಿನಿಂದ ಎದುರಾಡದೆ ತಿನ್ನುತ್ತ ಬಂದಿದ್ದ ದೊಡ್ಡಪ್ಪ ಅಂದು ತಿರುಗಿಬಿದ್ದರು. ಕಾಲನ್ನು ಎತ್ತಿ ದೊಡ್ಡಮ್ಮನ ತಟ್ಟೆಗೇ ಹಾಕಿದರು. "ನಂಗೆ ಬ್ಯಾಡ."

"ತಿನ್ನಿ ಸುಮ್ಕೆ." ಕಾಲು ಇತ್ತ ಬಂತು.

"ಬ್ಯಾಡ ಅಂದ್ನಲ್ಲ!" ಕಾಲು ಅತ್ತ ಹೋಯಿತು.

"ಜನ ನೋಡ್ತಾರೆ, ತಿನ್ನಿ ಅಂದ್ರೆ!"

ಜನ ನಿಜವಾಗಿಯೂ ನೋಡುತ್ತಿದ್ದರು. ಹೀಗೆ ಹೋಗಿ ಬಂದು ದಣಿದ ಆ ಕಾಲು ಅಂತಿಮವಾಗಿ ನೆಲಕ್ಕೆ ಜಾರಿತು. ಮೇಜಿನಡಿಯ ಬೆಕ್ಕು ಅದನ್ನು ಸ್ವೀಕರಿಸಿತು. ಆ ರಾತ್ರಿ ವೈದ್ಯರ ಸಲಹೆಯಂತೆ ಹೊತ್ತಿಗೆ ಸರಿಯಾಗಿ, ಬಿಸಿಯಾಗಿ, ಕುಳಿತು ಉಂಡದ್ದು ಆ ಬೆಕ್ಕೊಂದೇ!

ಮರುದಿನ ಬೆಳಿಗ್ಗೆ ಕಡಲ ದಂಡೆಯಲ್ಲಿ ಅಕ್ಕ ಅತ್ತಳು. "ನೀನ್ ಬಿದ್ದಿದ್ ನಾನ್ ನೋಡೀನಿ ಕಣಮ್ಮ. ಎರಡನೇ ಸಲ ನೋಡಕ್ ನನ್ ಕೈಲಾಗಲ್ಲ. ಒಂದ್ ಊಟ ಕೇಳ್ತಿವ್ನಿ, ಅಷ್ಟೆ."

ದೊಡ್ಡಮ್ಮ ಅಲೆಗಳ ಕಡೆಗೇ ನೋಡುತ್ತಿದ್ದರು. "ನಾನೇನ್ ಯಾರ್ಗೋ ಹೆದ್ರಿ ಕಡೇಗ್ ಉಣ್ತೀನಿ ಅಂದ್ಕಂಡ್ಯಾ? ಕಾಡು ಕಡಿದು ತೋಟ ಮಾಡೋವಾಗ ಅಕ್ಕಿ ಎಷ್ಟಿರ್ತಿತ್ತು ಅಂತ ನಿಂಗೊತ್ತಾ? ಮೊದ್ಲು ಕೂತೋಳ್ಗೆ ಪಾತ್ರೆ ತಳ ಕಾಣಲ್ಲ. ನಾ ಕಡೇಗ್ ಉಂಡಿದ್ಕೇ ನಮ್ಮನೇಲಿ ಒಬ್ರೂ ಹಸ್ಕೊಂಡ್ ಮಲಗ್ಲಿಲ್ಲ. ಹೋಗು, ಹೇಳಕ್ ಬರ್ಬ್ಯಾಡ ನಂಗೆ!"

ಅಕ್ಕ ಕಣ್ಣು ಒರೆಸಿಕೊಂಡಳು. ದೊಡ್ಡಪ್ಪ ಮರಳಿನಲ್ಲಿ ಗೆರೆ ಎಳೆಯುತ್ತ ಕುಳಿತರು. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುವುದಿತ್ತು. ಉಳಿದಿದ್ದುದು ಒಂದೇ ಊಟ.

ಆ ಊಟಕ್ಕೆ ಸಿಕ್ಕಿದ್ದು ದಂಡೆಯ ಮೇಲಿನ ಸೋಗೆ ಮಾಡಿನ ಅಂಗಡಿ. ಎರಡು ಬೆಂಚು, ಒಂದು ಒಲೆ, ಮತ್ತು ದೊಡ್ಡಮ್ಮನದೇ ವಯಸ್ಸಿನ ಒಬ್ಬ ಮಲಯಾಳಿ ಹೆಂಗಸು. ಅವರು ನಾಲ್ಕು ಎಲೆ ಹಾಸಿದರು. ನಾವು ಮೂವರು ಕುಳಿತೆವು. ದೊಡ್ಡಮ್ಮ ಎಂದಿನಂತೆ ಬೆಂಚಿನ ಹಿಂದೆ ನಿಂತರು. ಆ ಹೆಂಗಸು ಅನ್ನದ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತೇ ಇದ್ದರು, ಬಡಿಸಲಿಲ್ಲ.

"ಇರಿಕ್ಕ್ ಚೇಚ್ಚಿ," ಎಂದರು. ಕುಳಿತುಕೊಳ್ಳಿ ಅಕ್ಕಾ.

"ಅವ್ರಿಗ್ ಹಾಕಿ. ನಂದು ಆಮೇಲೆ."

"ನಾಲ್ಕು ಎಲೆ ಹಾಕಿದ್ದೇನೆ. ನಾಲ್ವರು ಕೂತರೆ ನಾಲ್ವರಿಗೂ ಅನ್ನ. ಮೂವರು ಕೂತರೆ ಒಬ್ಬರಿಗೂ ಇಲ್ಲ," ಎಂದು ಆಕೆ ಮಲಯಾಳದಲ್ಲಿ ಘೋಷಿಸಿದರು.

ದೊಡ್ಡಮ್ಮನಿಗೆ ಹೀಗೆ ಹೇಳಿದವರು ಭೂಮಿಯ ಮೇಲೆ ಇರಲಿಲ್ಲ! ದೊಡ್ಡಮ್ಮ ವೈದ್ಯರನ್ನು ಮಣಿಸಿದ ಅಸ್ತ್ರವನ್ನೇ ಪ್ರಯೋಗಿಸಿದರು. "ನೀವ್ ಉಂಡ್ರಾ?"

"ಇಲ್ಲ. ಇದು ನನ್ನ ಒಲೆ. ಇಲ್ಲಿ ಕಡೆಗೆ ಉಣ್ಣುವವಳು ನಾನು."

"ನಾನೂ ಕಡೇಗೇ ಉಣ್ಣೋಳು."

"ನಿಮ್ಮ ಮನೆಯಲ್ಲಿ ಇರಬಹುದು. ನಾನು ನಿಮ್ಮ ಮನೆಗೆ ಬಂದರೆ ನನ್ನನ್ನು ನಿಲ್ಲಿಸಿ ನೀವು ಉಣ್ತೀರಾ?"

"ಶಿವನೇ! ಅದೆಂಗಾಯ್ತದೆ?"

"ಮತ್ತೆ?"

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಮೀನಿನ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ದೊಡ್ಡಪ್ಪ ಬರಿಯ ಎಲೆಯ ಮುಂದೆ ಕೈ ಕಟ್ಟಿ ಕುಳಿತಿದ್ದರು. ಅವರ ಹೊಟ್ಟೆ ಗುರ್ ಎಂದದ್ದು ಎಲ್ಲರಿಗೂ ಕೇಳಿಸಿತು. ದೊಡ್ಡಮ್ಮ ಅವರನ್ನೊಮ್ಮೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚು ದಾಟಿ, ದೊಪ್ಪನೆ ಕುಳಿತುಬಿಟ್ಟರು.

"ಬರ್ಬೇಕು ಮತ್ತೆ ನಮ್ಮನೇಗೆ," ಎಂದು ಬೆದರಿಸುವ ದನಿಯಲ್ಲಿ ಹೇಳಿದರು. "ಅವಾಗ್ ನೋಡ್ಕತೀನಿ ನಿಮ್ನ!"

ಆ ಹೆಂಗಸು ನಕ್ಕರು. ಅಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿತು. ಆಕೆ ಅನ್ನದ ಪಾತ್ರೆ, ಸೌಟುಗಳನ್ನು ತುದಿಯಲ್ಲಿ ಕುಳಿತಿದ್ದ ನನ್ನ ಕೈಗೆ ತುರುಕಿ ಒಲೆಯತ್ತ ಓಡಿದರು. ನಾನು ಎದ್ದು ದೊಡ್ಡಮ್ಮನ ಎಲೆಗೆ ಬಗ್ಗಿದೆ. ಒಂದು ಸೌಟು ಹಾಕಿದೆ. ಇನ್ನೊಂದು ಹಾಕಿದೆ. ಅವರು ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಮತ್ತೊಂದು ಹಾಕಿ ಅವರ ಮುಖ ನೋಡಿದೆ. ದೊಡ್ಡಮ್ಮ ನನ್ನ ಕೈಯನ್ನೇ, ಸೌಟಿನಿಂದ ತಮ್ಮ ಎಲೆಗೆ ಬೀಳುತ್ತಿದ್ದ ಅನ್ನವನ್ನೇ ನೋಡುತ್ತಿದ್ದರು. ಅಂಥ ದೃಶ್ಯವನ್ನು ಎಲೆಯ ಮುಂದೆ ಕುಳಿತು ಅವರು ಎಂದೂ ಕಂಡಿರಲಿಲ್ಲವೆಂಬುದು ನನಗೆ ಹೊಳೆದದ್ದೇ ಆಗ.

ಎಲೆಯ ಮೇಲೆ ಗುಡ್ಡೆಯಾಯಿತು. ಹಬೆ ಅವರ ಕನ್ನಡಕಕ್ಕೆ ಮಂಜು ಕವಿಸಿತು.

"ಸಾಕು ಅನ್ನು ಮಾರಾಯ್ತಿ!" ಎಂದರು ದೊಡ್ಡಪ್ಪ.

"ನಾನ್ಯಾಕ್ ಅನ್ಲಿ?" ಎಂದರು ದೊಡ್ಡಮ್ಮ, ಕನ್ನಡಕ ತೆಗೆಯದೆ, ಒರೆಸದೆ. "ಹಾಕ್ಲಿ. ಹಾಕ್ ಮಗಾ ನೀನು."

ನಾನು ಹಾಕಿದೆ.