ತೊಂಬತ್ತೇಳು ಅಂಕದ ಮಸೂರ

ತೆಂಗುಸಿರಿ ಕೊಬ್ಬರಿ ಬೆಳೆಗಾರರ ಸಂಘದ ಸದಸ್ಯರೆಲ್ಲರಿಗೂ ಭಾವಚಿತ್ರವುಳ್ಳ ಗುರುತಿನ ಚೀಟಿ ನೀಡತಕ್ಕದ್ದೆಂದೂ, ಚೀಟಿಗೆ ಹೋಲದವರ ಕೊಬ್ಬರಿಯನ್ನು ಕೊಳ್ಳತಕ್ಕದ್ದಲ್ಲವೆಂದೂ, ಸದರಿ ಭಾವಚಿತ್ರಗಳನ್ನು ತಾಂತ್ರಿಕ ಪರೀಕ್ಷೆಯಲ್ಲಿ ಮೊದಲು ಬಂದ ಮಸೂರದಿಂದಲೇ ತೆಗೆಯತಕ್ಕದ್ದೆಂದೂ ೧೯೯೮ರಲ್ಲಿ ಬಾಣಾವರದ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಮಸೂರವೆಂದರೆ ಕ್ಯಾಮೆರಾದ ಲೆನ್ಸು ಎಂದು ಕಾರ್ಯದರ್ಶಿ ಲಕ್ಷ್ಮೀಶ ಆಮೇಲೆ ತಿಳಿಸಿದಾಗ ಸದಸ್ಯರು ಇನ್ನೊಮ್ಮೆ ಕೈಯೆತ್ತಿದರು.

ಸುದ್ದಿ ಕೇಳಿ ಸ್ಟುಡಿಯೋ ಹೊನ್ನಯ್ಯನಿಗೆ ನಗು ಬಂತು. ಇಪ್ಪತ್ತೆಂಟು ವರ್ಷದಿಂದ ಊರಿನ ಮುಖಗಳೆಲ್ಲ ಅವನ ಲೆನ್ಸಿನೊಳಗೇ ಹಾದುಹೋಗಿದ್ದವು. ಹದಿನೆಂಟು ತೆಂಗಿನ ಮರವಿದ್ದುದರಿಂದ ಸಂಘದ ಸದಸ್ಯನೂ ಹೌದು. ಈ ಕೆಲಸ ತನ್ನನ್ನು ಬಿಟ್ಟು ಬೇರೆಯವರಿಗೆ ಹೋದರೆ ಊರೇ ಸೇರಿ ತನ್ನ ಕೈ ಕಳಪೆ ಎಂದಂತೆ. ಅದನ್ನು ಅವನು ಸಹಿಸಲಾರದವನಾಗಿದ್ದ.

ಎದುರಾಳಿ ಒಬ್ಬನೇ: ಅಧ್ಯಕ್ಷ ಜಯದೇವಪ್ಪನವರ ಬಾಮೈದ ಮಧುಕುಮಾರ್. ಕ್ಯಾಮೆರಾ ಕೊಂಡು ಮೂರು ವಾರವಾಗಿತ್ತು.

ಬೆಂಗಳೂರಿನಿಂದ ಬಂದ ಪರೀಕ್ಷಕರು ಸಂಘದ ಗೋದಾಮಿನ ಗೋಡೆಗೆ ಸಣ್ಣ ಸಣ್ಣ ಗೆರೆಗಳ ಹಾಳೆ ಅಂಟಿಸಿದರು. ತಮ್ಮದೇ ಮುಕ್ಕಾಲಿ ನಿಲ್ಲಿಸಿ, ಕ್ಯಾಮೆರಾಗಳನ್ನು ಒಂದಾದ ಮೇಲೊಂದು ಅದಕ್ಕೆ ಬಿಗಿದು ಹಾಳೆಯ ಫೋಟೋ ತೆಗೆದರು. ಯಾವುದರಲ್ಲಿ ಎಷ್ಟು ಗೆರೆ ಬೇರೆಬೇರೆಯಾಗಿ ಕಾಣುತ್ತದೆಂದು ಭೂತಗನ್ನಡಿ ಹಿಡಿದು ಎಣಿಸಿದರು. ಹೊನ್ನಯ್ಯನ ಲೆನ್ಸಿಗೆ ಅರವತ್ತೊಂದು, ಮಧುಕುಮಾರನದ್ದಕ್ಕೆ ತೊಂಬತ್ತೇಳು. ಎಣಿಕೆಯಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಲೇಬೇಕು.

“ಸ್ವಾಮಿ, ಗೋಡೆ ಅಲ್ಲಾಡಾಕಿಲ್ಲ. ಮನುಷ್ಯ ಅಲ್ಲಾಡ್ತಾನೆ, ನಾಚ್ಕತಾನೆ, ಕಣ್ಣು ಮುಚ್ತಾನೆ. ಅದುಕ್ಕೆಷ್ಟು ಅಂಕ?” ಎಂದ ಹೊನ್ನಯ್ಯ.

“ಮುಖ ನಮ್ಮ ವ್ಯಾಪ್ತಿಗೆ ಬರೋದಿಲ್ಲ,” ಎಂದ ಪರೀಕ್ಷಕರು ಮುಕ್ಕಾಲಿ ಮಡಚಿಕೊಂಡು ರೈಲು ಹತ್ತಿದರು.

ಮಧುಕುಮಾರ್ ಅದೇ ಕತ್ತಲೆ ಗೋದಾಮಿನಲ್ಲಿ ಕ್ಯಾಮೆರಾ ಕೈಯಲ್ಲೇ ಹಿಡಿದು ಎರಡೇ ದಿನದಲ್ಲಿ ಸಾವಿರದ ಇನ್ನೂರು ಜನರ ಫೋಟೋ ತೆಗೆದು ಮುಗಿಸಿದ. ಅವನ ಕೈ ನಡುಗುತ್ತಿತ್ತು. ಚೀಟಿ ಬಂದಾಗ ಗಂಡಸರು ಹೆಂಗಸರೆಲ್ಲ ನೀರಿನಲ್ಲಿ ಕಲಸಿದ ರಾಗಿ ಹಿಟ್ಟಿನಂತೆ ಮಸುಕಾಗಿ ಕಂಡರು. ದೂರುಗಳು ಬಂದದ್ದರಿಂದ ಸಂಘ ಪ್ರಕಟಣೆ ಹೊರಡಿಸಿತು:

“ಮಸೂರವು ತೊಂಬತ್ತೇಳು ಅಂಕ ಪಡೆದಿರುವುದರಿಂದ ಭಾವಚಿತ್ರದಲ್ಲಿ ದೋಷವಿರಲು ಅವಕಾಶವಿರುವುದಿಲ್ಲ. ವ್ಯತ್ಯಾಸ ಕಂಡುಬಂದಲ್ಲಿ ಮುಖವನ್ನು ಸರಿಪಡಿಸಿಕೊಳ್ಳುವ ಹೊಣೆ ಆಯಾ ಸದಸ್ಯರದ್ದೇ ಆಗಿರುತ್ತದೆ.”

ಮುಂದಿನ ಸಂತೆಯ ದಿನ ಸಂಘದ ಸದಸ್ಯೆ ಮಾರಮ್ಮ ಎರಡು ಮೂಟೆ ಕೊಬ್ಬರಿ ತಂದಳು. ಚೀಟಿಯನ್ನೂ ಅವಳನ್ನೂ ನೋಡಿದ ಲಕ್ಷ್ಮೀಶ, “ಇದು ನೀವಲ್ಲ,” ಎಂದ.

“ನಾನಲ್ದೆ ಇನ್ಯಾರ್ಲಾ? ಅಲ್ಲ ಅಂತ ಹೆಂಗಂತೀಯ? ಅಲ್ಲ ಅಂತ ಹೆಂಗಂತೀಯ?” ಎನ್ನುತ್ತ ಅವಳು ಸಿಟ್ಟಿನಲ್ಲಿ ತಲೆಯನ್ನು ಅತ್ತಿತ್ತ ಒದರಿದಳು.

“ಹಾಂ! ಹಂಗೇ ಆಡಿಸ್ತಾ ಇರಿ ಅಮ್ಮ. ಈಗ ನೀವೇ!” ಎಂದ ಲಕ್ಷ್ಮೀಶ ಸಹಿ ಹಾಕಿದ.

ಅಂದಿನಿಂದ ಜನ ಲಕ್ಷ್ಮೀಶನ ಮೇಜಿನ ಮುಂದೆ ತಲೆಯಾಡಿಸತೊಡಗಿದರು. ತಲೆಸುತ್ತು ಬರುವವರಿಗೆಂದು ಸಂಘ ಒಂದು ಬೆಂಚು ಹಾಕಿಸಿತು. ಇಂಥ ಅನುಕೂಲ ಬೇರಾವ ಸಂಘದಲ್ಲಿದೆ ಎಂದು ಸದಸ್ಯರು ಹೆಮ್ಮೆಪಟ್ಟರು.

ಹೊನ್ನಯ್ಯ ಮಾತ್ರ ಕಲ್ಲಿನಂತೆ ನಿಂತ. ಈ ದಡ್ಡರ ಮುಂದೆ ತಲೆಯಾಡಿಸಿದರೆ ತನ್ನ ಲೆನ್ಸೇ ಕೆಟ್ಟದ್ದೆಂದು ತಾನೇ ಒಪ್ಪಿದಂತೆ ಎಂದು ಹಲ್ಲು ಕಚ್ಚಿದ. ಎರಡು ಸಂತೆ ಅವನ ಮೂಟೆ ಮನೆಗೆ ವಾಪಸಾಯಿತು. ಮೂರನೆಯ ವಾರ ಕೊಬ್ಬರಿಗೆ ಬೂಷ್ಟು ಹಿಡಿಯಲು ಶುರುವಾಯಿತು. ಹೆಂಡತಿ ಸಣ್ಣತಾಯಮ್ಮ ಒಂದು ಹೋಳನ್ನು ತಂದು ಅವನ ಅಂಗೈಯಲ್ಲಿಟ್ಟಳು.

ಆ ಸಂತೆಯಲ್ಲಿ ಹೊನ್ನಯ್ಯ ಸಾಲಿನಲ್ಲಿ ನಿಂತ. ಸರದಿ ಬಂದಾಗ ಕಣ್ಣು ಮುಚ್ಚಿ ತಲೆಯಾಡಿಸಿದ.

“ಇನ್ನೂ ಸ್ವಲ್ಪ ಜೋರಾಗಿ, ಹೊನ್ನಯ್ಯನೋರೇ,” ಎಂದ ಲಕ್ಷ್ಮೀಶ, ಚೀಟಿಯನ್ನು ಬೆಳಕಿಗೆ ಹಿಡಿದು. “ಮೂಗು ಇನ್ನೂ ಕಾಣ್ತಾ ಐತೆ.”

ಹೊನ್ನಯ್ಯ ಮೂಗು ಕಾಣದಷ್ಟು ಜೋರಾಗಿ ಆಡಿಸಿದ. ಕೊಬ್ಬರಿ ತೂಕಕ್ಕೆ ಹೋಯಿತು.