ನಾಲ್ಕು ಗಾಜು, ಎರಡು ಡಬ್ಬಿ

ಸರಕಾರ ಜನರನ್ನು ಸುಧಾರಿಸಲು ಹೊರಟಾಗಲೆಲ್ಲ ಜನರಿಗೆ ಒಂದು ಒಳ್ಳೆಯ ಸಂಜೆ ಸಿಗುತ್ತದೆ. ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದ ದಾರೂಬಂದಿಯ, ಎಂದರೆ ಪಾನನಿಷೇಧದ, ವರ್ಷಗಳಲ್ಲಿ, ಬಾಗಲಕೋಟೆಯ ಸುತ್ತ ಅಂಥ ಸಂಜೆಗಳನ್ನು ಒದಗಿಸುವುದು ನನ್ನ ಕೆಲಸವಾಗಿತ್ತು. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿದ್ದೆ. ಆದ್ದರಿಂದ ಗೋಡೆಯ ಮೇಲೆ ಚಿತ್ರ ಬೀಳಿಸುವ ದೀಪದ ಪೆಟ್ಟಿಗೆಯಲ್ಲಿ ಗಾಜಿನ ಚಿತ್ರ ಸರಿಸುವ ಕೆಲಸಕ್ಕೆ ನನ್ನನ್ನು ನೇಮಿಸಿದರು. ಭಾಷಣ ನನ್ನ ಜೊತೆಗಿದ್ದ ಪ್ರಚಾರಕರದು. ಅವರು ನಿವೃತ್ತ ಮಾಸ್ತರರು. ಅವರಲ್ಲಿದ್ದದ್ದು ಒಂದೇ ಭಾಷಣ: ಜೀವನದ ನಾಲ್ಕು ಹಂತಗಳಲ್ಲೂ ಚಟದಿಂದ ದೂರವಿರುವುದು ಹೇಗೆ. ಹಂತಕ್ಕೊಂದು ಗಾಜು: ದುಂಡು ಕೂಸು, ಬೀಡಿ ಹಿಡಿದ ಹುಡುಗ, ಕುಡಿದು ಬಿದ್ದ ತರುಣ, ಎಲುಬಿನ ಹಂದರವಾದ ಮುದುಕ.

ಕೆರೂರ

ಸಂತೆ ಮುಗಿದಿತ್ತು, ಮಂದಿ ಚೆನ್ನಾಗಿ ಕೂಡಿತ್ತು. ಬಸ್ಸಿನ ಕುಲುಕಾಟಕ್ಕೆ ಗಾಜುಗಳು ತಿರುವುಮುರುವಾದದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಗೋಡೆಯ ಮೇಲೆ ಮೊದಲು ಮುದುಕ ಬಂದ. ಆಮೇಲೆ ಕುಡುಕ, ಆಮೇಲೆ ಹುಡುಗ, ಕೊನೆಗೆ ಕೂಸು. ಪ್ರಚಾರಕರು ಗೋಡೆಗೆ ಬೆನ್ನು ಮಾಡಿ ಮಾತಾಡುವವರು.

ಮುಗಿದ ಮೇಲೆ ಒಬ್ಬ ಹಣ್ಣು ಮುದುಕ ಕೋಲೂರಿಕೊಂಡು ಮುಂದೆ ಬಂದ.

"ಸಾಹೇಬ್ರ, ಚಲೋ ತಿಳಿಸಿಕೊಟ್ರಿ. ಅಷ್ಟು ಸಣ್ಣಾಂವ ಆಗಾಕ ಎಷ್ಟು ದಿನಾ ಕುಡೀಬೇಕ್ರಿ?"

ಇಳಕಲ್ಲ

ನೇಕಾರರ ಓಣಿಯ ಒಂದು ಮನೆಯಲ್ಲಿ ಮುದುಕಿಯೊಬ್ಬಳನ್ನು ನೀರು ಕೇಳಿದೆವು. ಅವಳ ಸೊಸೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು. ಪಕ್ಕದ ತೊಟ್ಟಿಲಲ್ಲಿ ಕೂಸು ಆ ಸದ್ದಿಗೂ ಮಿಸುಕಾಡದೆ ಮಲಗಿತ್ತು.

"ಎಂಥಾ ಶಾಂತ ಕೂಸು," ಎಂದರು ಪ್ರಚಾರಕರು.

"ಶಾಂತ ಎಲ್ಲಿದ್ರಿ," ಎಂದಳು ಮುದುಕಿ. "ಅಫೀಮು. ದಿನಾ ಎಳ್ಳಿನಷ್ಟು. ಕೂಸು ಎದ್ರ ಸೀರಿ ನೇಯೋರು ಯಾರು?"

ಸೊಸೆಯ ಲಾಳಿ ನಿಂತಿತು. "ನಿನ್ನಿ ಎಬ್ಬಿಸಿದ್ರೂ ಭಾಳ ಹೊತ್ತು ಏಳಲಿಲ್ರಿ," ಎಂದಳು, ತಲೆ ಎತ್ತದೆ.

ಕೂಸಿನ ತುಟಿಯ ಬಣ್ಣ ನನಗೂ ಹಿಡಿಸಲಿಲ್ಲ. ಪ್ರಚಾರಕರು, "ಅವ್ವಾ, ಒಂದಿನ ಇದು ಏಳೂದೇ ಇಲ್ಲ. ಇವತ್ತೇ ಬಿಡು," ಎಂದು ದುಃಖದಿಂದ ನಶ್ಯದ ಡಬ್ಬಿ ತೆಗೆದು ಮೂಗಿಗೊಂದು ಚಿಟಿಕೆ ಏರಿಸಿದರು. ಅವರು ಸಂತೋಷದಲ್ಲೂ ಅದನ್ನೇ ಮಾಡುತ್ತಿದ್ದರು.

ಮುದುಕಿ ನೋಡಿದಳು. "ಅದನ್ನ ಬಿಟ್ಟು ನೀವು ಇರ್ತೀರೇನ್ರಿ?"

"ಇದು ಬ್ಯಾರೆ."

"ಡಬ್ಬಿ ಅಷ್ಟ ಬ್ಯಾರೆ. ನಿಮ್ಮದನ್ನ ಇಲ್ಲಿಡ್ರಿ, ನನ್ನದನ್ನ ಒಯ್ಯಿರಿ. ಮುಂದಿನ ಸಂತಿಗೆ ಬರ್ರಿ. ನೀವು ತಡಕೊಂಡ್ರ ಕೂಸೂ ತಡಕೊಳ್ತೈತಿ."

ಪ್ರಚಾರಕರು ಅಫೀಮಿನ ಡಬ್ಬಿಯನ್ನು ಜೇಬಿಗಿಳಿಸಿ, ತಮ್ಮದನ್ನು ಗೋಡೆಯ ಗೂಡಿನಲ್ಲಿಟ್ಟರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವರು ಅಷ್ಟು ಸಲ ಹಿಂತಿರುಗಿ ನೋಡಿರಲಿಕ್ಕಿಲ್ಲ.

ಹುನಗುಂದ

ಕೋರ್ಟಿನ ಎದುರಿಗೆ ಭಾಷಣ. ಅರ್ಧ ಮಂದಿ ನಿದ್ದೆ ಹೋಗಿದ್ದರು, ಅದು ಎಂದಿನದೇ. ಮುಂದಿನ ಸಾಲಿನ ವಕೀಲರೊಬ್ಬರು ಎಚ್ಚರವಿರಲೆಂದು ನಶ್ಯದ ಡಬ್ಬಿ ತೆರೆದರು. ಪ್ರಚಾರಕರು ಅರ್ಧ ವಾಕ್ಯಕ್ಕೇ ನಿಂತು, ಕೆಳಗಿಳಿದು ಬಂದು, ಡಬ್ಬಿಯ ಕಡೆಗೆ ಕೈ ಚಾಚಿದರು. ಆಮೇಲೆ ಅದೇ ಕೈಯಿಂದ ಮುಚ್ಚಳ ಮುಚ್ಚಿದರು.

"ಕ್ಷಮಿಸ್ರಿ. ಇಳಕಲ್ಲದಾಗ ಒಂದು ಕೂಸಿನ ಜೀವದ ಪ್ರಶ್ನೆ."

"ಕೂಸು ನಿಮ್ಮದೇನ್ರಿ?"

"ಅಲ್ಲ."

"ಡಬ್ಬಿ?"

"ಅದೂ ಅಲ್ಲ."

"ಹಂಗಾದ್ರ ಈ ಕೇಸಿನಾಗ ನಿಮ್ಮದು ಬರೇ ಮೂಗು," ಎಂದರು ವಕೀಲರು.

ಮತ್ತೆ ಇಳಕಲ್ಲ

ಓಣಿಯ ಬಾಯಿಗೇ ಕೂಸಿನ ಅಳು ಕೇಳಿಸಿತು. ನೆರೆಯವನೊಬ್ಬ, "ನೀವು ಚಟಾ ಬಿಡಿಸಿದ್ದು ಒಂದು ಕೂಸಿಂದು, ನಿದ್ದಿ ಬಿಡಿಸಿದ್ದು ಓಣಿಂದು," ಎಂದ.

ಮುದುಕಿಯ ಕಣ್ಣು ಕೆಂಪಾಗಿತ್ತು. ಗೂಡಿನಲ್ಲಿ ನಶ್ಯದ ಡಬ್ಬಿ ಹಾಗೇ ಇತ್ತು. ಅದರ ಪಕ್ಕದಲ್ಲಿ ಎಲೆಯಲ್ಲಿ ಸುತ್ತಿದ ಹೊಸ ಅಫೀಮು.

"ಇನ್ನೂ ಕೊಟ್ಟಿಲ್ರಿ," ಎಂದಳು. "ಈಗ ಮಲಗಿದ್ರ ಸರಿ. ಇಲ್ಲಂದ್ರ ಕೊಡಾಕಿನ. ನನ್ನ ಕೈಲೆ ಆಗೂದಿಲ್ಲ."

ಸೊಸೆ ಮಗ್ಗ ನಿಲ್ಲಿಸಿ ಕೂಸಿನ ಕಡೆ ನೋಡಿದಳು. ಲಾಳಿ ಕೈಯಲ್ಲೇ ಇತ್ತು.

ಪ್ರಚಾರಕರು ಕೂಸನ್ನು ಎತ್ತಿಕೊಂಡರು. ಅದು ಅವರ ಮೂಗನ್ನೇ ಹಿಡಿದು ಕಿರುಚಿತು. ಮುಷ್ಟಿಯಲ್ಲಿ ಬಲ ಬಂದಿತ್ತು, ತುಟಿಯಲ್ಲಿ ಬಣ್ಣ. ಜೋಗುಳ ಅವರಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದನ್ನೇ ಶುರು ಮಾಡಿದರು: "ಮಹಾಜನರೇ, ಮನುಷ್ಯನ ಜೀವನದಲ್ಲಿ ನಾಲ್ಕು ಹಂತಗಳಿರುತ್ತವೆ..."

ಮೊದಲ ಹಂತಕ್ಕೆ ಅಳು ನಿಂತಿತು. ಎರಡನೆಯ ಹಂತಕ್ಕೆ ಕೂಸು ಆಕಳಿಸಿತು. ತರುಣ ಕುಡಿದು ಬೀಳುವ ಮೊದಲೇ ನಿದ್ದೆ ಹೋಯಿತು. ಸೊಸೆ ಎದ್ದು ಬಂದು ಕೆನ್ನೆ ಮುಟ್ಟಿ ನೋಡಿದಳು. ಕೂಸು ಕಣ್ಣು ಬಿಟ್ಟು, ತುಟಿ ಚೀಪಿ, ಮತ್ತೆ ಮಲಗಿತು. ಆಕೆ ಗೂಡಿನ ಅಫೀಮನ್ನು ತಾನೇ ತೆಗೆದು ಗಟಾರಕ್ಕೆ ಎಸೆದು, ಹೋಗಿ ಮಗ್ಗದಲ್ಲಿ ಕೂತಳು.

ಮುದುಕಿ, "ಈ ಮಾತು ನನಗೂ ಬಾಯಿಪಾಠ ಮಾಡಸ್ರಿ," ಎಂದು ಪ್ರಚಾರಕರನ್ನು ಕೇಳಿಕೊಂಡಳು. ಆಮೇಲೆ ಸಂಶಯ ಬಂದು ನನ್ನನ್ನು ಪಕ್ಕಕ್ಕೆ ಕರೆದಳು.

"ಖರೆ ಹೇಳ್ರಿ. ಮುಂದ ಕೂಸಿಗೆ ಈ ಭಾಷಣದ ಚಟಾ ಹತ್ತೂದಿಲ್ಲಲ್ಲ?"

"ವರ್ಷದಿಂದ ದಿನಾ ಕೇಳಾಕತ್ತೇನಿ," ಎಂದೆ. "ಹತ್ತಿಲ್ಲ."