ಮೊರಿತಾ ಅವರ ಮುಪ್ಪು ಮತ್ತು ನನ್ನ ಚಕ್ಕುಲಿ ಡಬ್ಬಿ

ಅರವತ್ತಾರು ದಾಟಿದರೂ ಮುಪ್ಪೆಂಬುದು ಬೇರೆಯವರಿಗೆ ಬರುವ ಕಾಯಿಲೆ ಎಂದೇ ನನ್ನ ಭಾವನೆ. ಹಾಗಾಗಿ, ಜಪಾನೀಯರ ವೃದ್ಧಾಪ್ಯದ ಮೇಲೆ ಸಂಶೋಧನೆ ಮಾಡುತ್ತಿರುವ ಮಗಳು ಸುಮನಾ, ಈ ಪರದೇಶದ ಬಡಾವಣೆ ಮಾಂಟ್ ಕಿಯಾರಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿರುವ ಜಪಾನಿ ವೃದ್ಧ ಮೊರಿತಾ ಅವರ ಮೇಲೆ ಕಣ್ಣಿಡಲು ಹೇಳಿದಾಗ ಹುರುಪಿನಿಂದ ಒಪ್ಪಿದೆ. ಅವಳ ಮೇಜಿನ ಮೇಲಿದ್ದ ಪ್ರಬಂಧಗಳನ್ನೂ ಓದಿದೆ. ಅವುಗಳಲ್ಲಿನ ಜಪಾನಿ ಮುದುಕರು ಬೆಳಗಾಗೆದ್ದು ವ್ಯಾಯಾಮ ಮಾಡುತ್ತಾರೆ, ಹೊಟ್ಟೆ ತುಂಬುವ ಮುನ್ನವೇ ಊಟ ಬಿಟ್ಟೇಳುತ್ತಾರೆ, ಯಾರಿಗೂ ಹೊರೆಯಾಗದೆ ಮೌನವಾಗಿ ಬಾಳುತ್ತಾರೆ. ಕನ್ನಡಕ ಎಲ್ಲಿಟ್ಟೆ ಎಂದು ಮನೆಯವರ ಮೇಲೆ ರೇಗುವವರು ಒಬ್ಬರೂ ಇಲ್ಲ. ಇಂಥವರ ಜೊತೆ ಸಂಸಾರ ಮಾಡುವುದು ಹೇಗಪ್ಪಾ ಎಂದು ಅವರ ಹೆಂಡಿರ ಬಗ್ಗೆ ಕನಿಕರವಾಯಿತು.

"ಅಪ್ಪಾ, ಮಾತಾಡ್ಸಕ್ಕೆ ಹೋಗ್ಬೇಡ, ಸುಮ್ನೆ ಅಬ್ಸರ್ವ್ ಮಾಡು" ಎಂದಿದ್ದಳು ಸುಮನಾ. ಸುಮ್ಮನಿರುವುದು ನನಗೆ ಬಾರದ ವಿದ್ಯೆ. ಅವಳು ಹೊರಟಳೆಂದರೆ ಸಂಜೆಯವರೆಗೆ ಈ ಇಪ್ಪತ್ತನೇ ಮಹಡಿಯಲ್ಲಿ ನನ್ನ ಮಾತಿಗೆ ಹೂಂಗುಟ್ಟುವುದು ಫ್ರಿಜ್ಜು ಮಾತ್ರ. ನಿಜ ಹೇಳುತ್ತೇನೆ, ಬೇಸರ ತಡೆಯಲಾರದೆಯೇ ಒಂದು ಡಬ್ಬಿ ಚಕ್ಕುಲಿ ಹಿಡಿದು ಎದುರು ಬಾಗಿಲು ತಟ್ಟಿದ್ದು. ಮರುದಿನವೇ ನಮ್ಮ ಡಬ್ಬಿ ವಾಪಸು ಬಂತು, ಜೊತೆಗೆ ಅವರ ಡಬ್ಬಿಯಲ್ಲಿ ಅಕ್ಕಿ ಬಿಸ್ಕತ್ತು. ಪಡೆದದ್ದಕ್ಕೆ ಪ್ರತಿಯಾಗಿ ಕೊಡುವುದು ಅವರ ಪದ್ಧತಿ. ಪರರ ಡಬ್ಬಿಯನ್ನು ಖಾಲಿ ಹಿಂದಿರುಗಿಸದಿರುವುದು ನಮ್ಮ ಪದ್ಧತಿ. ನಾನೇ ಕರಿದ ಕೋಡುಬಳೆ ಹೋಯಿತು, ಏನೋ ಸಿಹಿ ಉಂಡೆ ಬಂತು. ತಿಂಗಳಾದರೂ ಇಬ್ಬರೂ ಸೋಲೊಪ್ಪಲಿಲ್ಲ. ಬಂದಾಗಲೆಲ್ಲ ಮೊರಿತಾ ಗಂಟೆಗಟ್ಟಲೆ ಹರಟಿ, ಇಟ್ಟದ್ದನ್ನೆಲ್ಲ ಹೊಟ್ಟೆ ಬಿರಿಯ ತಿಂದು, ಓದುವ ಕನ್ನಡಕವನ್ನು ಇಲ್ಲೇ ಮರೆತುಹೋಗುತ್ತಿದ್ದರು. ಸುಮನಾಗೆ ವರದಿ ಒಪ್ಪಿಸಿದರೆ, "ಅವ್ರು ಟಿಪಿಕಲ್ ಅಲ್ಲ ಲಾ" ಎಂದು, ಮಾತಿನ ಕೊನೆಗೆ ಇಲ್ಲಿಯವರಂತೆಯೇ 'ಲಾ' ಸೇರಿಸಿ ತಳ್ಳಿಹಾಕಿದಳು.

ಮೊನ್ನೆ ಮೊರಿತಾ ಅವರನ್ನೇ ಕೇಳಿಬಿಟ್ಟೆ, ಯಾರ ಹಂಗೂ ಬೇಡವೆಂದು ತಾನೇ ಇಷ್ಟೆಲ್ಲ ತರುವುದು ಎಂದು. ಅವರು ಸಂಕೋಚದಿಂದ ತಲೆಬಾಗಿಸಿ, ತಡವರಿಸುವ ಇಂಗ್ಲಿಷಿನಲ್ಲಿ ವಿವರಿಸಿದರು. ಅವರ ಮಗ ಯಾವುದೋ ಸಂಶೋಧನಾ ಲೇಖನ ಕಳಿಸಿದ್ದಾನಂತೆ. ಮಕ್ಕಳ ಜೊತೆ ಪರದೇಶದಲ್ಲಿರುವ ಭಾರತೀಯ ವೃದ್ಧರು ಹಗಲೆಲ್ಲ ಮಾತಿಗೆ ಜನವಿಲ್ಲದೆ ಕೊರಗುತ್ತಾರಂತೆ. ಪಾಪ ಅನಿಸಿ ಬರುತ್ತಿದ್ದಾರಂತೆ.

ನನಗೆ ಮೈಯೆಲ್ಲ ಉರಿಯಿತು. ಮನುಷ್ಯರ ಮುಖ ನೋಡದೆ ಏನೇನೋ ಬರೆಯುತ್ತಾರೆ, ಎಲ್ಲ ಬೊಗಳೆ ಎಂದು ಒಂದು ಗಂಟೆ ಬಿಡದೆ ವಿವರಿಸಿದೆ. ಅವರು ತಲೆದೂಗುತ್ತಾ ಕೇಳಿ, ಎದ್ದು ಹೋದರು. ಕನ್ನಡಕ ಮೇಜಿನ ಮೇಲೇ ಇತ್ತು. ನಾನು ಕೂಗಿ ಕರೆಯಲಿಲ್ಲ. ಮಗ ಕಳಿಸಿದ ಆ ಲೇಖನದ ಉಳಿದ ಪುಟಗಳನ್ನು ಅವರು ಇವತ್ತೇ ಓದಬೇಕಾಗಿಲ್ಲ. ಕನ್ನಡಕಕ್ಕಾದರೂ ನಾಳೆ ಬರಲೇಬೇಕಲ್ಲ.